ಕರೆಂಟ್ ಕಂಪನಿಯ ಸಾಲ ಎಲ್ಲಿ ಹುಟ್ಟುತ್ತದೆ, ಯಾಕೆ ತೀರುವುದಿಲ್ಲ

2025ರ ಏಪ್ರಿಲ್‌ನಿಂದ ನಮ್ಮ ಕರೆಂಟ್ ಬಿಲ್ಲಿಗೆ ಯೂನಿಟ್‌ಗೆ 36 ಪೈಸೆ ಹೊಸದಾಗಿ ಸೇರಿದೆ. ಇದು ಕಲ್ಲಿದ್ದಲಿಗೆ ಕೊಡುವ ದುಡ್ಡಲ್ಲ. ಹೊಸ ಲೈನ್ ಎಳೆಯಲು ಕೂಡ ಅಲ್ಲ. ಕರೆಂಟ್ ಸಾಗಿಸುವ ಸರ್ಕಾರಿ ಕಂಪನಿ ಕೆಪಿಟಿಸಿಎಲ್ ಮತ್ತು ಊರೂರಿಗೆ ಹಂಚುವ ಎಸ್ಕಾಂಗಳ ನೌಕರರ ಪಿಂಚಣಿ, ಗ್ರಾಚ್ಯುಟಿಯಲ್ಲಿ ಸರ್ಕಾರದ ಪಾಲು ಅಂತ ಇದ್ದ ಹಣವನ್ನು ಈಗ ಗ್ರಾಹಕರಿಂದ ವಸೂಲಿ ಮಾಡಲಾಗುತ್ತಿದೆ. 2026-27ಕ್ಕೆ 35 ಪೈಸೆ, 2027-28ಕ್ಕೆ 34 ಪೈಸೆ ಎಂದು ವಿದ್ಯುತ್ ನಿಯಂತ್ರಣ ಆಯೋಗ ಮೊದಲೇ ಗೊತ್ತು ಮಾಡಿದೆ.

ಮೊತ್ತ ಸಣ್ಣದು. ಆದರೆ ವಿದ್ಯುತ್ ಕ್ಷೇತ್ರದ ದೊಡ್ಡ ಸಾಲವೂ ಇದೇ ದಾರಿಯಲ್ಲಿ ಬಂದದ್ದು. ಯಾರೋ ಕೊಡಬೇಕಿದ್ದ ಹಣ, ಯಾವತ್ತೋ ಲೆಕ್ಕ ಮುಗಿಸಬೇಕಿದ್ದ ಖರ್ಚು, ಮುಂದಕ್ಕೆ ಹೋಗುತ್ತಾ ಹೋಗಿ ಕೊನೆಗೆ ಬೇರೆಯವರ ತಲೆ ಮೇಲೆ ಬಂದು ಕೂರುತ್ತದೆ. 2015ರ ಮಾರ್ಚ್ ಹೊತ್ತಿಗೆ ದೇಶದ ವಿದ್ಯುತ್ ವಿತರಣಾ ಕಂಪನಿಗಳ ಸಾಲ ಸುಮಾರು 4.3 ಲಕ್ಷ ಕೋಟಿ ರೂಪಾಯಿ ಇತ್ತು. ಅದನ್ನು ತೀರಿಸಲೆಂದು ದೊಡ್ಡ ಯೋಜನೆ ಬಂತು. ಆದರೂ 2022-23ರ ಕೊನೆಗೆ ಕಂಪನಿಗಳ ಒಟ್ಟು ಸಂಚಿತ ನಷ್ಟವೇ 6 ಲಕ್ಷ ಕೋಟಿ ದಾಟಿತ್ತು. ತೀರಿಸಿದ ಮೇಲೂ ಹೊರೆ ಯಾಕೆ ಬೆಳೆಯಿತು? ಇದಕ್ಕೆ ಉತ್ತರ ಬೇಕಾದರೆ ದುಡ್ಡು ಯಾರಿಂದ ಯಾರಿಗೆ ಹೋಗುತ್ತದೆ ಅನ್ನೋದನ್ನು ಮೊದಲು ನೋಡಬೇಕು.

ಕರೆಂಟ್ ಮೇಲಿನಿಂದ ಕೆಳಕ್ಕೆ, ದುಡ್ಡು ಕೆಳಗಿನಿಂದ ಮೇಲಕ್ಕೆ

ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳಿಗೆ ಕರೆಂಟ್ ಹಂಚುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಹಳ್ಳಿಯಲ್ಲಿ ಈಗಲೂ 'ಕೆಇಬಿಯವರು ಬಂದಿದ್ದಾರೆ' ಅಂತಲೇ ಹೇಳುತ್ತಾರೆ. ಆದರೆ ಕೆಇಬಿ ಎಂಬ ಮಂಡಳಿ 1999ರಲ್ಲೇ ಮುಗಿಯಿತು. ಅದರ ಜಾಗಕ್ಕೆ ಕೆಪಿಟಿಸಿಎಲ್ ಬಂತು. 2002ರಲ್ಲಿ ಹಂಚಿಕೆಯ ಕೆಲಸವನ್ನು ಬೇರೆ ಕಂಪನಿಗಳಿಗೆ ಒಪ್ಪಿಸಿದರು. ಮೊದಲು ಮಂಗಳೂರಿನ ಮೆಸ್ಕಾಂ ಜೊತೆಗಿದ್ದ ನಮ್ಮ ಭಾಗ 2005ರಿಂದ ಸೆಸ್ಕ್ ಆಯಿತು.

ಸೆಸ್ಕ್ ತಾನೇ ಕರೆಂಟ್ ತಯಾರಿಸುವುದಿಲ್ಲ. ಶರಾವತಿ, ರಾಯಚೂರು ಸ್ಥಾವರಗಳನ್ನು ನಡೆಸುವ ಕೆಪಿಸಿಎಲ್, ಕೇಂದ್ರದ ಸ್ಥಾವರಗಳು, ಖಾಸಗಿ ಸೋಲಾರ್ ಮತ್ತು ಗಾಳಿ ವಿದ್ಯುತ್ ಕಂಪನಿಗಳು, ಇವರಿಂದ ಕೊಂಡು ತರಬೇಕು. ತಂದುಕೊಡುವ ಕೆಪಿಟಿಸಿಎಲ್‌ಗೆ ಬಾಡಿಗೆ ಕಟ್ಟಬೇಕು. ವಿತರಣಾ ಕಂಪನಿಯ ಖರ್ಚಿನಲ್ಲಿ ಸುಮಾರು ಮುಕ್ಕಾಲು ಪಾಲು ಕರೆಂಟ್ ಕೊಳ್ಳುವುದಕ್ಕೇ ಹೋಗುತ್ತದೆ. ಲೈನ್‌ಮನ್ ಸಂಬಳ, ಟಿಸಿ (ಟ್ರಾನ್ಸ್‌ಫಾರ್ಮರ್) ರಿಪೇರಿ, ಬಡ್ಡಿ ಎಲ್ಲ ಉಳಿದ ಕಾಲು ಭಾಗದಲ್ಲೇ ನಡೆಯಬೇಕು.

ಈ ಇಡೀ ಸಾಲಿನಲ್ಲಿ ಹೊರಗಿನಿಂದ ಹಣ ಒಳಗೆ ಬರುವುದು ಎರಡೇ ಕಡೆಯಿಂದ. ಒಂದು, ಬಿಲ್ ಕಟ್ಟುವ ಗ್ರಾಹಕರು. ಇನ್ನೊಂದು, ಸಬ್ಸಿಡಿ ಕೊಡುವ ಸರ್ಕಾರ. ಇಲ್ಲಿ ತಡವಾದರೆ ಮೇಲಿನವರೆಗೂ ತಡವಾಗುತ್ತದೆ. ಸೆಸ್ಕ್‌ನಂಥ ಕಂಪನಿ ಉತ್ಪಾದಕರಿಗೆ ಬಾಕಿ ಇಡುತ್ತದೆ. ಉತ್ಪಾದಕರು ಕಲ್ಲಿದ್ದಲು ಕಂಪನಿಗೆ, ಬ್ಯಾಂಕಿಗೆ ಬಾಕಿ ಇಡುತ್ತಾರೆ. ಮಂಡ್ಯದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆಗೆ ಕಬ್ಬು ಸಾಗಿಸಿ, ಹಣಕ್ಕಾಗಿ ತಿಂಗಳುಗಟ್ಟಲೆ ಕಾದು, ಆ ನಡುವೆ ಗೊಬ್ಬರದ ಅಂಗಡಿಯಲ್ಲಿ ಸಾಲ ಬರೆಸಿಕೊಂಡ ರೈತನ ಸ್ಥಿತಿಯೇ ಉತ್ಪಾದಕರದ್ದೂ. ಮಾಲು ಹೋಗಿದೆ, ಹಣ ಬಂದಿಲ್ಲ, ಬಡ್ಡಿ ಮಾತ್ರ ನಿಂತಿಲ್ಲ.

ಕಾಗದದಲ್ಲಿ ಲಾಭ, ಕೈಯಲ್ಲಿ ಸಾಲ

ನಷ್ಟ, ಬಾಕಿ, ಸಾಲ: ಈ ಮೂರನ್ನೂ ಒಂದೇ ಅಂದುಕೊಂಡರೆ ವಿಷಯ ಅರ್ಥವಾಗುವುದಿಲ್ಲ. ಖರ್ಚಿಗಿಂತ ಆದಾಯ ಕಡಿಮೆ ಆದರೆ ನಷ್ಟ. ಆದಾಯ ಅಂತ ಬರೆದುಕೊಂಡ ಹಣ ಕೈಗೆ ಬರದಿದ್ದರೆ ಬಾಕಿ. ಇವೆರಡನ್ನೂ ತುಂಬಿಕೊಳ್ಳಲು ಬ್ಯಾಂಕಿನಿಂದ ತಂದದ್ದು ಸಾಲ. ಒಂದು ಕಂಪನಿ ನಷ್ಟವೇ ಇಲ್ಲದೆ ಸಾಲದಲ್ಲಿ ಮುಳುಗಬಹುದು. ಹೇಗೆ ಅಂತ ಒಂದು ಕಲ್ಪಿತ ಲೆಕ್ಕ ಹಾಕಿ ನೋಡೋಣ. ಅಂಕಿಗಳು ಯಾವ ಕಂಪನಿಯದ್ದೂ ಅಲ್ಲ, ಅರ್ಥವಾಗಲಿ ಅಂತ ನಾನೇ ಇಟ್ಟುಕೊಂಡದ್ದು.

ಕಂಪನಿ 100 ಯೂನಿಟ್ ಕೊಂಡಿತು. ಸಾಗಣೆ, ಸಂಬಳ ಎಲ್ಲ ಸೇರಿ ಖರ್ಚು 650 ರೂಪಾಯಿ. ದಾರಿಯಲ್ಲಿ 10 ಯೂನಿಟ್ ಸೋರಿಹೋಯಿತು. ತಲುಪಿದ 90ರಲ್ಲಿ 30 ಯೂನಿಟ್ ಪಂಪ್‌ಸೆಟ್‌ಗಳಿಗೆ. ಯೂನಿಟ್‌ಗೆ 7 ರೂಪಾಯಿಯಂತೆ ಸರ್ಕಾರ 210 ಕೊಡಬೇಕು. 10 ಯೂನಿಟ್ ಪಂಚಾಯ್ತಿಯ ನೀರಿನ ಮೋಟಾರು, ಬೀದಿ ದೀಪಕ್ಕೆ. ಅದರ ಬಿಲ್ 70. ಉಳಿದ 50 ಯೂನಿಟ್ ಮನೆ, ಅಂಗಡಿ, ಕಾರ್ಖಾನೆಗಳಿಗೆ, ಏಳೂವರೆ ರೂಪಾಯಿಯಂತೆ 375. ಒಟ್ಟು ಬಿಲ್ 655. ಖರ್ಚು 650. ಅಂದರೆ 5 ರೂಪಾಯಿ ಲಾಭ.

ಈಗ ಕೈಗೆ ಬಂದದ್ದನ್ನು ಎಣಿಸೋಣ. ಮನೆ, ಅಂಗಡಿ, ಕಾರ್ಖಾನೆಯವರು 365 ಕಟ್ಟಿದರು. ಸರ್ಕಾರ 210ರಲ್ಲಿ 150 ಬಿಡುಗಡೆ ಮಾಡಿತು. ಪಂಚಾಯ್ತಿಗಳು 30 ಕಟ್ಟಿದವು. ಒಟ್ಟು 545. ಖರ್ಚಿಗೆ ಇನ್ನೂ 105 ರೂಪಾಯಿ ಕಡಿಮೆ ಬಿತ್ತು. ಶೇ 10ರ ಬಡ್ಡಿಗೆ ಸಾಲ ತಂದರು. ಮುಂದಿನ ವರ್ಷವೂ ಇದೇ ಕತೆ ಅಂದುಕೊಳ್ಳಿ. ಮತ್ತೆ 105, ಜೊತೆಗೆ ಬಡ್ಡಿ ಹತ್ತೂವರೆ. ಎರಡನೇ ವರ್ಷದ ಕೊನೆಗೆ ಸಾಲ 220 ರೂಪಾಯಿ 50 ಪೈಸೆ. ಮೂರನೇ ವರ್ಷ ಬಡ್ಡಿಯೇ 22 ರೂಪಾಯಿ. ಮೊದಲು ಕಾಣಿಸಿದ 5 ರೂಪಾಯಿ ಲಾಭ ಈಗ ಎಲ್ಲಿಯೂ ಇಲ್ಲ. ಬಡ್ಡಿಯಿಂದಾಗಿ ನಿಜವಾದ ನಷ್ಟ ಶುರುವಾಗಿದೆ.

ಇಲ್ಲಿ ಯಾರೂ ಕದ್ದಿಲ್ಲ. ಅಧಿಕಾರಿಗಳು ಸೋಮಾರಿಗಳೂ ಅಲ್ಲ. ಬರಬೇಕಾದ ಹಣ ಹೊತ್ತಿಗೆ ಬರಲಿಲ್ಲ, ಅಷ್ಟೇ. ನಿಜ ಜೀವನದಲ್ಲಿ ಕಳ್ಳತನವೂ ಇದೆ, ಸೋರಿಕೆಯೂ ಇದೆ. ಆದರೆ ಅವೆರಡನ್ನು ಮಾತ್ರ ಬೈದು ಸುಮ್ಮನಾದರೆ ಸಾಲದ ದೊಡ್ಡ ಬೇರು ಮಣ್ಣಿನೊಳಗೇ ಉಳಿಯುತ್ತದೆ.

ಪಂಪ್‌ಸೆಟ್ ಎಂಬ ಅಳೆಯದ ಲೆಕ್ಕ

ನಮ್ಮ ಭಾಗದಲ್ಲಿ ಈ ಮಾತು ಬಂದ ತಕ್ಷಣ ಚರ್ಚೆ ರೈತರ ಕಡೆ ತಿರುಗುತ್ತದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ಕರೆಂಟ್ ಉಚಿತ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ. ರಾಜ್ಯದ ಕರೆಂಟ್ ಬಳಕೆಯಲ್ಲಿ ಮೂರನೇ ಒಂದು ಪಾಲಿನಷ್ಟು ಅವುಗಳ ಲೆಕ್ಕಕ್ಕೇ ಹೋಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆ ಪರವಾಗಿಲ್ಲ. ನಾಗಮಂಗಲದಂಥ ಒಣ ತಾಲ್ಲೂಕಿನಲ್ಲಿ ಬೋರ್‌ವೆಲ್ ಬಿಟ್ಟರೆ ಬೇರೆ ಗತಿ ಇಲ್ಲ. ಅಲ್ಲಿ ತ್ರೀ ಫೇಸ್ ಕರೆಂಟ್ ಬರುವ ಏಳು ಗಂಟೆಯೇ ಬೇಸಾಯದ ಸಮಯ.

ಹಾಗಾಗಿ ಉಚಿತ ಕೊಡಬೇಕೋ ಬೇಡವೋ ಎಂಬುದು ನನ್ನ ಪ್ರಕಾರ ಮೊದಲ ಪ್ರಶ್ನೆಯೇ ಅಲ್ಲ. ಅದನ್ನು ಜನ ಆರಿಸಿದ ಸರ್ಕಾರ ತೀರ್ಮಾನಿಸಲಿ. ಮೊದಲ ಪ್ರಶ್ನೆ ಬೇರೆ ಇದೆ: ಎಷ್ಟು ಕೊಟ್ಟೆವು ಅಂತ ನಮಗೆ ಗೊತ್ತಿದೆಯಾ?

ಬಹುಪಾಲು ಪಂಪ್‌ಸೆಟ್‌ಗಳಿಗೆ ಓದುವಂಥ ಮೀಟರ್ ಇಲ್ಲ. ಕೆಲವು ಫೀಡರ್‌ಗಳ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್‌ಗಳ), ಟಿಸಿಗಳ ರೀಡಿಂಗ್ ತೆಗೆದು, ಅದರಿಂದ ಒಂದು ಪಂಪ್‌ಸೆಟ್‌ಗೆ ಸರಾಸರಿ ಇಷ್ಟು ಅಂತ ಅಂದಾಜು ಹಾಕಿ, ಒಟ್ಟು ಸಂಖ್ಯೆಯಿಂದ ಗುಣಿಸುತ್ತಾರೆ. ಅಂದಾಜು ಅಂದಮೇಲೆ ಎಳೆದಾಡಲು ಜಾಗ ಇರುತ್ತದೆ. ಮೇಲಿನ ಲೆಕ್ಕಕ್ಕೇ ಬನ್ನಿ. ಪಂಪ್‌ಸೆಟ್‌ಗಳು ನಿಜವಾಗಿ ಬಳಸಿದ್ದು 24 ಯೂನಿಟ್, ಸೋರಿಕೆ ಮತ್ತು ಕಳ್ಳತನ 16 ಯೂನಿಟ್ ಇರಬಹುದು. ಪುಸ್ತಕದಲ್ಲಿ 30 ಮತ್ತು 10 ಅಂತ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಯಾವುದೋ ಕಲ್ಯಾಣ ಮಂಟಪದ ಕಳ್ಳ ಸಂಪರ್ಕದ ಯೂನಿಟ್ ಕೂಡ ರೈತನ ಹೆಸರಲ್ಲಿ ಬಿದ್ದಿರುತ್ತದೆ. ರೈತನಿಗೆ ಸುಮ್ನೆ ಕೆಟ್ಟ ಹೆಸರು. ಸರ್ಕಾರಕ್ಕೆ ಅನುಮಾನ. ಆಯೋಗ ಕೂತು ಇಷ್ಟು ಯೂನಿಟ್ ಒಪ್ಪಲಾಗದು ಅಂತ ಕತ್ತರಿಸಿದರೆ ಆ ಹಣ ಕಂಪನಿಯ ನಷ್ಟದ ಪಟ್ಟಿಗೆ ಸೇರುತ್ತದೆ.

ರಾಜ್ಯ ಸರ್ಕಾರ ಸಬ್ಸಿಡಿ ಘೋಷಿಸಿದರೆ ಅದರ ಹಣವನ್ನು ಮುಂಗಡವಾಗಿ ಕೊಡಬೇಕು ಎಂದು 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. ಹಣ ಬರದಿದ್ದರೆ ಆ ರಿಯಾಯಿತಿಯೇ ಜಾರಿಯಲ್ಲಿರುವುದಿಲ್ಲ ಅಂತಲೂ ಅದೇ ಸೆಕ್ಷನ್‌ನಲ್ಲಿದೆ. ಎಷ್ಟು ಒಳ್ಳೆಯ ಕಾನೂನು ಅಲ್ವಾ! ಆದರೆ ದೇಶದಲ್ಲಿ ಎಷ್ಟೋ ರಾಜ್ಯಗಳಲ್ಲಿ ಹಣ ತಡವಾಗಿ ಬಂದರೂ ರಿಯಾಯಿತಿ ನಿಲ್ಲುವುದಿಲ್ಲ. ನಿಲ್ಲಿಸುವ ಧೈರ್ಯ ಯಾವ ಕಂಪನಿಗೂ ಇಲ್ಲ, ಯಾಕೆಂದರೆ ಕಂಪನಿಯ ಮಾಲೀಕರೂ ಸರ್ಕಾರವೇ. 2023ರ ಜುಲೈನಲ್ಲಿ ಶುರುವಾದ ಗೃಹಜ್ಯೋತಿಯ ಮಟ್ಟಿಗೆ ಒಂದು ಸಮಾಧಾನ ಇದೆ. ಅಲ್ಲಿ ಪ್ರತಿ ಮನೆಗೂ ಮೀಟರ್ ಇದೆ, ತಿಂಗಳಿಗೆ 200 ಯೂನಿಟ್‌ನ ಮಿತಿ ಇದೆ. ಯಾವ ಮನೆಗೆ ಎಷ್ಟು ಕೊಟ್ಟೆವು ಎಂಬುದು ಬಿಲ್‌ನಲ್ಲೇ ಬರೆದಿರುತ್ತದೆ. ಸಬ್ಸಿಡಿ ಅಂದರೆ ಹೀಗೆ ಎಣಿಸಲು ಸಿಗುವಂತಿರಬೇಕು.

ಬರಗಾಲ ಬಂದರೆ ಎಲ್ಲವೂ ಒಟ್ಟಿಗೆ ಕೆಡುತ್ತದೆ. 2023ರಲ್ಲಿ ಹಾಗೇ ಆಯಿತು. ಮಳೆ ಕೈಕೊಟ್ಟಿತು, ಜಲಾಶಯಗಳು ತುಂಬಲಿಲ್ಲ, ರಾಜ್ಯಕ್ಕೆ ಅಗ್ಗದಲ್ಲಿ ಸಿಗುವ ಜಲವಿದ್ಯುತ್ ಕಡಿಮೆಯಾಯಿತು. ಅದೇ ಹೊತ್ತಿಗೆ ಬೆಳೆ ಉಳಿಸಿಕೊಳ್ಳಲು ಪಂಪ್‌ಸೆಟ್‌ಗಳು ಜಾಸ್ತಿ ಓಡಿದವು. ಕರೆಂಟನ್ನು ಹೊರಗಿನಿಂದ ಜಾಸ್ತಿ ಬೆಲೆಗೆ ತರಬೇಕಾಯಿತು. ಅಂದರೆ ದುಬಾರಿ ಯೂನಿಟ್ ಕೊಂಡು, ಬಿಲ್ ಇಲ್ಲದ ಕಡೆ ಹೆಚ್ಚು ಹಂಚಿದಂತೆ. ಬರದ ವರ್ಷದ ಹೊರೆ ರೈತನ ಹೊಲದಲ್ಲಿ ಮಾತ್ರವಲ್ಲ, ವಿದ್ಯುತ್ ಕಂಪನಿಯ ಪುಸ್ತಕದಲ್ಲೂ ಇರುತ್ತದೆ.

ಇನ್ನೂ ಮೂರು ತೂತುಗಳು

ಸರ್ಕಾರಿ ಕಚೇರಿ, ಪಂಚಾಯ್ತಿ, ಪುರಸಭೆಗಳ ಬಾಕಿ ಹಳೆಯ ಕತೆ. ಮನೆಯ ಬಿಲ್ ಬಾಕಿಯಾದರೆ ಫ್ಯೂಸ್ ಕೀಳುತ್ತಾರೆ. ಊರಿನ ಕುಡಿಯುವ ನೀರಿನ ಮೋಟಾರಿಗೆ ಹಾಗೆ ಮಾಡಲು ಆಗುತ್ತದಾ? ಆಗದು, ಮಾಡಲೂ ಬಾರದು. ಅದಕ್ಕಾಗಿ ಪಂಚಾಯ್ತಿಗೆ ಬರುವ ಅನುದಾನದಲ್ಲೇ ಕರೆಂಟ್ ಹಣವನ್ನು ಮೊದಲು ಹಿಡಿದು ಕಂಪನಿಗೆ ಕಳಿಸುವುದೇ ಸರಿಯಾದ ದಾರಿ.

ಎರಡನೆಯದು, ಬಳಸದ ಕರೆಂಟಿಗೂ ಕಟ್ಟುವ ಹಣ. ಉಷ್ಣ ವಿದ್ಯುತ್ ಸ್ಥಾವರದ ಜೊತೆ 25 ವರ್ಷದ ಒಪ್ಪಂದ ಮಾಡಿಕೊಂಡರೆ ಬೆಲೆಯಲ್ಲಿ ಎರಡು ಭಾಗ ಇರುತ್ತದೆ. ಸ್ಥಾವರ ಕಟ್ಟಿದ ಬಂಡವಾಳಕ್ಕೆ ಒಂದು, ಇಂಧನಕ್ಕೆ ಇನ್ನೊಂದು. ಸ್ಥಾವರ ಸಿದ್ಧವಾಗಿ ನಿಂತಿದ್ದರೆ ಸಾಕು, ನಾವು ಕರೆಂಟ್ ತೆಗೆದುಕೊಳ್ಳದಿದ್ದರೂ ಮೊದಲ ಭಾಗ ಕಟ್ಟಲೇಬೇಕು. ಹಗಲು ಹೊತ್ತಿನಲ್ಲಿ ಪಾವಗಡದಂಥ ಕಡೆಯಿಂದ ಸೋಲಾರ್ ಕರೆಂಟ್ ಹರಿದು ಬರುವಾಗ ಕಲ್ಲಿದ್ದಲು ಘಟಕಗಳನ್ನು ತಗ್ಗಿಸುತ್ತಾರೆ. ಆಗಲೂ ಆ ಬಿಲ್ ಓಡುತ್ತಿರುತ್ತದೆ. ಹಾಗಂತ ಆ ಘಟಕಗಳು ಬೇಡ ಅನ್ನಲೂ ಆಗದು, ಸಂಜೆ ಏಳರ ಹೊತ್ತಿಗೆ ಅವೇ ಬೇಕು. ಮನೆ ಬಿಲ್‌ನಲ್ಲಿ ನಿಗದಿತ ಶುಲ್ಕ ಏರುತ್ತಿರುವುದಕ್ಕೂ ಇಂಥ ಖರ್ಚೇ ಒಂದು ಕಾರಣ. 2025ರಲ್ಲಿ ಮನೆ ಬಳಕೆಯ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿಯಿತು. ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ 120ರಿಂದ 145ಕ್ಕೆ ಏರಿತು.

ಮೂರನೆಯದು ದೊಡ್ಡ ಗ್ರಾಹಕರು ಬಿಟ್ಟುಹೋಗುವುದು. ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡು ಕಡೆಯ ಕಾರ್ಖಾನೆಗಳಿಗೆ ದರ ಹೆಚ್ಚಿಟ್ಟು, ಆ ಹಣದಲ್ಲಿ ಬೇರೆಯವರ ದರ ತಗ್ಗಿಸುವುದು ಬಹಳ ಕಾಲದಿಂದ ನಡೆದ ಪದ್ಧತಿ. ಈಗ ಕಾರ್ಖಾನೆಯವರು ಚಾವಣಿ ಮೇಲೆ ಸೋಲಾರ್ ಹಾಕಿಕೊಳ್ಳುತ್ತಾರೆ, ಇಲ್ಲವೇ ಹೊರಗಿನ ಉತ್ಪಾದಕರಿಂದ ನೇರವಾಗಿ ಕೊಳ್ಳುತ್ತಾರೆ. ಹೆಚ್ಚು ಕಟ್ಟುವವರು ಹೋದಷ್ಟೂ ಉಳಿದವರ ಮೇಲೆ ಭಾರ.

ಸಾಲ ತೀರಿಸಿದ ಯೋಜನೆಗಳು, ಮತ್ತೆ ಬೆಳೆದ ಸಾಲ

2001-02ರ ಸುಮಾರಿಗೆ ರಾಜ್ಯಗಳ ವಿದ್ಯುತ್ ಮಂಡಳಿಗಳ ಬಾಕಿಗೆ ಬಾಂಡ್ ಬರೆದುಕೊಟ್ಟು ಒಂದೇ ಸಲಕ್ಕೆ ಇತ್ಯರ್ಥ ಮಾಡಿದರು. 2012ರಲ್ಲಿ ಮತ್ತೊಂದು ಪುನರ್‌ರಚನೆ. 2015ರ ನವೆಂಬರ್‌ನಲ್ಲಿ ಉದಯ್ ಯೋಜನೆ. ಅದರಲ್ಲಿ ಸೇರಿದ ರಾಜ್ಯಗಳು ಕಂಪನಿಗಳ ಸಾಲದಲ್ಲಿ ಮುಕ್ಕಾಲು ಪಾಲನ್ನು ತಮ್ಮ ಮೇಲೆ ಹಾಕಿಕೊಂಡವು. ಕರ್ನಾಟಕ 2016ರ ಜೂನ್‌ನಲ್ಲಿ ಸೇರಿತು. ಆದರೆ ಸಾಲ ವರ್ಗಾಯಿಸಲು ಅಲ್ಲ, ಸೋರಿಕೆ ತಗ್ಗಿಸುವಂಥ ಸುಧಾರಣೆಗಳಿಗೆ ಮಾತ್ರ.

ಉದಯ್‌ನಿಂದ ಬಡ್ಡಿ ಹೊರೆ ಇಳಿದದ್ದು ನಿಜ. ಶೇ 14-15ರ ಬಡ್ಡಿ ಕಟ್ಟುತ್ತಿದ್ದ ಕಂಪನಿಗಳಿಗೆ ಉಸಿರಾಡಲು ಜಾಗ ಸಿಕ್ಕಿತು. ಆದರೆ ಹಳೆಯ ಸಾಲ ಒರೆಸಿದ ಮಾತ್ರಕ್ಕೆ ಹೊಸ ಸಾಲ ಹುಟ್ಟುವ ಜಾಗ ಮುಚ್ಚುವುದಿಲ್ಲ. ಪಾಕಿಸ್ತಾನದ್ದು ಇನ್ನೂ ಗಟ್ಟಿಯಾದ ಪಾಠ. 2013ರಲ್ಲಿ ಅಲ್ಲಿನ ಸರ್ಕಾರ ಸುಮಾರು 480 ಶತಕೋಟಿ ಪಾಕಿಸ್ತಾನಿ ರೂಪಾಯಿ ಕೊಟ್ಟು ಬಾಕಿ ಚುಕ್ತಾ ಮಾಡಿತು. ಕೆಲವೇ ವರ್ಷಗಳಲ್ಲಿ ಅದು ಅದಕ್ಕಿಂತ ದೊಡ್ಡದಾಗಿ ತಿರುಗಿ ಬಂತು. ಈಗ ಅಲ್ಲಿನ ಗ್ರಾಹಕರು ಬರೀ ಸಾಲ ತೀರಿಸಲೆಂದೇ ಯೂನಿಟ್‌ಗೆ ಮೂರು ರೂಪಾಯಿಗೂ ಹೆಚ್ಚು ಸರ್‌ಚಾರ್ಜ್ ಕಟ್ಟುತ್ತಿದ್ದಾರೆ.

ಖಾಸಗಿಯವರಿಗೆ ಕೊಟ್ಟರೆ ಸರಿಯಾಗುತ್ತದೆ ಅನ್ನುವವರು ದೆಹಲಿಯನ್ನು ತೋರಿಸುತ್ತಾರೆ. 2002ರಲ್ಲಿ ಖಾಸಗೀಕರಣವಾದಾಗ ಅಲ್ಲಿ ಅರ್ಧದಷ್ಟು ಕರೆಂಟಿನ ಹಣ ಕೈ ಸೇರುತ್ತಿರಲಿಲ್ಲ. ಈಗ ಆ ಸೋರಿಕೆ ಶೇ 10ಕ್ಕಿಂತ ಕಡಿಮೆ. ಇದು ದೊಡ್ಡ ಸಾಧನೆಯೇ. ಆದರೆ ಅದೇ ದೆಹಲಿಯಲ್ಲಿ ದರ ಏರಿಸದೆ, 'ಈ ಖರ್ಚನ್ನು ಮುಂದೆ ಯಾವಾಗಲಾದರೂ ವಸೂಲಿ ಮಾಡಿಕೊಳ್ಳಿ' ಅಂತ ವರ್ಷ ವರ್ಷ ಪಕ್ಕಕ್ಕಿಟ್ಟ ಮೊತ್ತ 27 ಸಾವಿರ ಕೋಟಿ ಮುಟ್ಟಿತು. ಇದನ್ನು ನಿಯಂತ್ರಣ ಆಸ್ತಿ ಅಂತ ಕರೆಯುತ್ತಾರೆ. ಗ್ರಾಹಕರ ಪಾಲಿಗೆ ಅದು ಹೇಳದೆ ಮಾಡಿದ ಸಾಲ. ಹೀಗೆ ಗುಡ್ಡೆ ಹಾಕಬಾರದು, ಕಾಲಮಿತಿಯಲ್ಲಿ ಕರಗಿಸಬೇಕು ಅಂತ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಂಪನಿ ಯಾರದ್ದಾದರೂ ಸರಿ, ಖರ್ಚನ್ನು ಮುಂದೂಡಿದರೆ ಸಾಲ ಬೆಳೆಯುತ್ತದೆ.

ಫಲ ಕೊಟ್ಟ ಕ್ರಮಗಳೂ ಇವೆ. 2022ರ ಜೂನ್‌ನಲ್ಲಿ ಕೇಂದ್ರ ಒಂದು ನಿಯಮ ತಂದಿತು. ಆಗ ಉತ್ಪಾದಕರಿಗೆ ಬರಬೇಕಿದ್ದ ಹಳೆಯ ಬಾಕಿ ಸುಮಾರು 1.4 ಲಕ್ಷ ಕೋಟಿ. ಅದನ್ನು ಹೆಚ್ಚೆಂದರೆ 48 ಕಂತುಗಳಲ್ಲಿ ಕಟ್ಟಿ, ಹೊಸ ಬಿಲ್‌ಗಳನ್ನು ಹೊತ್ತಿಗೆ ಸರಿಯಾಗಿ ಕಟ್ಟಿ, ಇಲ್ಲದಿದ್ದರೆ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಕೊಳ್ಳಲು ಬಿಡುವುದಿಲ್ಲ ಎಂದಿತು. ಹಳೆಯ ಬಾಕಿಯ ಬಹುಪಾಲು ತೀರಿತು. ನಿಯಮಕ್ಕೆ ಹಲ್ಲು ಇದ್ದದ್ದೇ ಕಾರಣ.

ಗುಜರಾತ್ ಇನ್ನೊಂದು ದಾರಿ ಹಿಡಿಯಿತು. 2003ರಿಂದ ಮೂರ್ನಾಲ್ಕು ವರ್ಷದಲ್ಲಿ ಹಳ್ಳಿಗಳ ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಬೇರೆ ಬೇರೆ ಫೀಡರ್ ಎಳೆದರು. ಮನೆಗೆ ದಿನವಿಡೀ ಕರೆಂಟ್, ಹೊಲಕ್ಕೆ ಗೊತ್ತಾದ ಗಂಟೆಗಳಲ್ಲಿ ಒಳ್ಳೆಯ ಕರೆಂಟ್. ಅಲ್ಲಿಯೂ ಬೇಸಾಯಕ್ಕೆ ಸಬ್ಸಿಡಿ ನಿಲ್ಲಲಿಲ್ಲ, ಆದರೆ ಎಷ್ಟು ಹೋಯಿತು ಎಂಬುದು ಫೀಡರ್‌ನಲ್ಲೇ ಗೊತ್ತಾಗತೊಡಗಿತು. ಸರ್ಕಾರಿ ಕಂಪನಿಗಳಾಗಿಯೇ ಉಳಿದು ಅವು ಲಾಭಕ್ಕೆ ಬಂದವು. ನಮ್ಮಲ್ಲಿ ನಿರಂತರ ಜ್ಯೋತಿ ಹೆಸರಲ್ಲಿ ಇದೇ ಕೆಲಸ ನಡೆದಿದೆ. ಅದರ ಪೂರ್ತಿ ಪ್ರಯೋಜನ ಸಿಗಬೇಕಾದರೆ ಆ ಫೀಡರ್ ರೀಡಿಂಗ್ ಆಧಾರದ ಮೇಲೇ ಸಬ್ಸಿಡಿ ಬಿಲ್ ಆಗಬೇಕು, ಅಂದಾಜಿನ ಮೇಲೆ ಅಲ್ಲ.

ನನಗೆ ಹೆಚ್ಚು ಭರವಸೆ ಕಾಣುವುದು ಪಂಪ್‌ಸೆಟ್ ಫೀಡರ್‌ಗಳಿಗೆ ಸೋಲಾರ್ ಜೋಡಿಸುವುದರಲ್ಲಿ. ಕುಸುಮ್ ಯೋಜನೆಯಲ್ಲಿ ಇದಕ್ಕೆ ಅವಕಾಶ ಇದೆ. ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಘಟಕ ಹಾಕಿದರೆ ಆ ಫೀಡರ್‌ನ ಪಂಪ್‌ಸೆಟ್‌ಗಳು ಹಗಲಲ್ಲೇ ಓಡುತ್ತವೆ. ದೂರದಿಂದ ತರುವ ಸೋರಿಕೆ ತಪ್ಪುತ್ತದೆ, ಕೊಳ್ಳುವ ಬೆಲೆ ಇಳಿಯುತ್ತದೆ, ಸರ್ಕಾರದ ಸಬ್ಸಿಡಿ ಬಿಲ್ಲೂ ಇಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಹಾವು, ಆನೆ, ಚಿರತೆ ಭಯದಲ್ಲಿ ಮೋಟಾರ್ ಹಾಕಲು ಗದ್ದೆಗೆ ಹೋಗುವ ರೈತನಿಗೆ ಇದು ಹಣದ ವಿಷಯ ಮಾತ್ರವೂ ಅಲ್ಲ. ಆದರೆ ಜಾಗ ಮೊದಲು ಸಿಗಬೇಕು. ನೀರಾವರಿ ಜಮೀನಿಗೆ ಕೈ ಹಾಕದೆ, ಸಬ್‌ಸ್ಟೇಷನ್‌ಗಳ ಸುತ್ತಲಿನ ಸರ್ಕಾರಿ ಜಮೀನನ್ನು ಇದಕ್ಕೆ ಹುಡುಕಬೇಕು.

ಗ್ರಾಹಕರಾಗಿ ನಮಗೂ ಒಂದು ಜಾಗ ಇದೆ. ವಿದ್ಯುತ್ ಕಂಪನಿಗಳು ಆದಾಯ ಖರ್ಚಿನ ಲೆಕ್ಕ, ದರದ ಬೇಡಿಕೆಯನ್ನು ಸಾಮಾನ್ಯವಾಗಿ ನವೆಂಬರ್ ಕೊನೆಯೊಳಗೆ ಆಯೋಗಕ್ಕೆ ಸಲ್ಲಿಸುತ್ತವೆ. ಅದರ ಪ್ರತಿ ಎಲ್ಲರಿಗೂ ಸಿಗುತ್ತದೆ, ಆಕ್ಷೇಪಣೆ ಬರೆದು ಕಳಿಸಬಹುದು. ಸೆಸ್ಕ್ ಅರ್ಜಿಯ ಸಾರ್ವಜನಿಕ ವಿಚಾರಣೆ ಮೈಸೂರಿನಲ್ಲೇ ನಡೆಯುತ್ತದೆ. ಅಲ್ಲಿ 'ದರ ಏರಿಸಬೇಡಿ' ಎಂಬ ಮಾತು ಪ್ರತಿ ಸಲ ಕೇಳಿಬರುತ್ತದೆ. ಅದರ ಜೊತೆಗೆ ಇವನ್ನೂ ಕೇಳಬೇಕು. ಈ ವರ್ಷ ಸರ್ಕಾರ ಕೊಡಬೇಕಿದ್ದ ಸಬ್ಸಿಡಿ ಎಷ್ಟು, ಯಾವ ತಿಂಗಳು ಎಷ್ಟು ಬಂತು? ತಡವಾದದ್ದಕ್ಕೆ ತಂದ ಸಾಲದ ಬಡ್ಡಿ ಎಷ್ಟು, ಅದನ್ನು ನಮ್ಮ ದರಕ್ಕೆ ಸೇರಿಸಿದ್ದೀರಾ? ಪಂಪ್‌ಸೆಟ್ ಫೀಡರ್‌ಗಳಲ್ಲಿ ಎಷ್ಟಕ್ಕೆ ಓಡುವ ಮೀಟರ್ ಇದೆ, ಅವುಗಳ ತಿಂಗಳ ರೀಡಿಂಗನ್ನು ತಾಲ್ಲೂಕುವಾರು ಯಾಕೆ ಪ್ರಕಟಿಸುತ್ತಿಲ್ಲ?